ಪಾಲಯ್ಯನವರ ಬಂದೂಕಿನ ನಂಬರು

ಕಚೇರಿಗೆ ಹೊಸದಾಗಿ ಸೇರಿದವರೇ, ಬಂದೂಕಿನ ಟೇಬಲ್ಲು ನಿಮ್ಮ ಪಾಲಿಗೆ ಬಂದರೆ ಅಳಬೇಡಿ. ನಾನು ಅತ್ತಿದ್ದೆ. ಚಳ್ಳಕೆರೆ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆಯಾಗಿ ಸೇರಿ ಮೂರೋ ನಾಲ್ಕೋ ವರ್ಷವಾಗಿತ್ತು. ತೊಂಬತ್ತರ ದಶಕದ ಮೊದಲ ಭಾಗ. ಪಹಣಿ ವಿಭಾಗದಲ್ಲಿ ನೆಮ್ಮದಿಯಾಗಿದ್ದವಳನ್ನು ಎಬ್ಬಿಸಿ ಮೂಲೆಯಲ್ಲಿದ್ದ ಆಯುಧ ಪರವಾನಗಿಯ ಟೇಬಲ್ಲಿಗೆ ಕೂರಿಸಿದರು. ಅದಕ್ಕೆ ಮೊದಲು ನಾನು ಬಂದೂಕನ್ನು ಹತ್ತಿರದಿಂದ ನೋಡಿದ್ದು ಬ್ಯಾಂಕಿನ ಬಾಗಿಲಲ್ಲಿ ತೂಕಡಿಸುತ್ತಿದ್ದ ಕಾವಲುಗಾರನ ತೊಡೆಯ ಮೇಲೆ ಮಾತ್ರ. ಶಿರಸ್ತೇದಾರರ ಮುಂದೆ ನಿಂತು ಕಣ್ಣೀರು ಹಾಕಿದೆ. ಅವರು ಬಾಯಲ್ಲಿದ್ದ ಹಲ್ಲುಕಡ್ಡಿಯನ್ನೂ ತೆಗೆಯದೆ, “ಬಂದೂಕು ನೀವು ಹೊಡೆಯೋದಲ್ಲಮ್ಮ, ಬರೆಯೋದು” ಎಂದರು.

ಬರೆಯುವುದು ಎಂದರೆ ಏನು ಎಂದು ಮೊದಲೇ ಹೇಳಿಬಿಡುತ್ತೇನೆ. ಲೈಸೆನ್ಸು ಮಂಜೂರು ಮಾಡುವವರು ಜಿಲ್ಲೆಯ ದೊಡ್ಡ ಸಾಹೇಬರು. ಅರ್ಜಿ ಬಂದರೆ ವಿಚಾರಿಸಿ ವರದಿ ಬರೆಯುವುದು ನಮ್ಮ ಕೆಲಸ. ಮೂರು ವರ್ಷಕ್ಕೊಮ್ಮೆ ಲೈಸೆನ್ಸು ನವೀಕರಿಸುವ ಹೊತ್ತಿಗೆ ಬಂದೂಕನ್ನು ಕಚೇರಿಗೆ ತರಿಸಿ, ನಳಿಗೆಯ ಮೇಲೆ ಕೊರೆದ ನಂಬರನ್ನು ನಮ್ಮ ವಹಿಯಲ್ಲಿರುವ ನಂಬರಿನ ಜೊತೆ ತಾಳೆ ನೋಡಬೇಕು. ತಾಳೆಯಾದರೆ ಮೊಹರು, ಇಲ್ಲದಿದ್ದರೆ ತಕರಾರು. ನಮ್ಮ ಕಡೆಯ ಬಂದೂಕುಗಳೋ, ಹೆಚ್ಚಿನವು ನಳಿಗೆಯ ಬಾಯಿಂದ ಮದ್ದು ತುಂಬಿ, ಸೀಸದ ಚರೆ ಹಾಕಿ, ಕೋಲಿನಿಂದ ಜಡಿಯುವ ಅಜ್ಜನ ಕಾಲದವು. ಶೇಂಗಾ ಹೊಲಕ್ಕೆ ನುಗ್ಗುವ ಹಂದಿಗಳನ್ನು, ಮೊಳಕಾಲ್ಮೂರು ಕಡೆ ಗುಡ್ಡದಿಂದ ಇಳಿಯುವ ಕರಡಿಗಳನ್ನು ಸದ್ದು ಮಾಡಿ ಓಡಿಸಲಿಕ್ಕೆ ಅಂತ ಕೊಟ್ಟವು. ಒಮ್ಮೆ ಜಡಿದು ಇನ್ನೊಮ್ಮೆ ಜಡಿಯುವ ಹೊತ್ತಿಗೆ ಹಂದಿ ಪಕ್ಕದ ಹೊಲದಲ್ಲಿ ಊಟ ಮುಗಿಸಿ ಹೋಗಿರುತ್ತಿತ್ತು.

ನನ್ನ ಮೊದಲ ಎಡವಟ್ಟನ್ನು ಮುಚ್ಚಿಡುವುದಿಲ್ಲ, ಯಾಕೆಂದರೆ ಚಳ್ಳಕೆರೆಯಲ್ಲಿ ಇವತ್ತಿಗೂ ಅದನ್ನು ಹೇಳಿ ನಗುವವರಿದ್ದಾರೆ. ನವೀಕರಣ ಬಾಕಿ ಇದ್ದವರಿಗೆಲ್ಲ ಒಂದೇ ದಿನ ಬರುವಂತೆ ನೋಟಿಸು ಕಳಿಸಿದೆ. ಕೆಲಸ ಬೇಗ ಮುಗಿಯಲಿ ಎಂಬ ಜಾಣತನ. ಆ ದಿನ ಸಂತೆ ಎಂಬುದು ನನ್ನ ತಲೆಗೆ ಬರಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಹತ್ತಾರು ಜನ ಹೆಗಲ ಮೇಲೆ ಬಂದೂಕು ಹೊತ್ತು, ಬಸ್ಸಿಳಿದು, ಸಾಲಾಗಿ ಸಂತೆಯ ನಡುವೆ ನಡೆದು ಬಂದರು. ಬದನೆಕಾಯಿ ಗುಡ್ಡೆ ಹಾಕಿ ಕೂತಿದ್ದ ಹೆಂಗಸೊಬ್ಬಳು ಎದ್ದು ನಿಂತು, “ಯಾಕ್ರಪ್ಪೋ, ಯುದ್ಧ ಗಿದ್ಧ ಬಂತಾ?” ಎಂದು ಕೂಗಿದಳಂತೆ. ಸಾಲಿನಲ್ಲಿದ್ದ ಮುದುಕರೊಬ್ಬರು ಗಂಭೀರವಾಗಿ, “ಇಲ್ಲ ಕಣವ್ವ, ತಾಲ್ಲೂಕಾಫೀಸ್ನಾಗೆ ಒಬ್ಬಮ್ಮ ಬರಾಕೆ ಹೇಳವ್ಳೆ” ಎಂದರಂತೆ. ಪೊಲೀಸರು ಓಡಿ ಬಂದರು. ನಾನು ಒಳಗೆ ಕೂತು ಹನುಮಪ್ಪ ದೇವರನ್ನು ನೆನೆಯುತ್ತಿದ್ದೆ.

ಆಗಿದ್ದ ತಹಸೀಲ್ದಾರ್ ಸಾಹೇಬರು ಮಾತ್ರ ವರಾಂಡಕ್ಕೆ ಬಂದು, ಬಂದೂಕು ತೊಡೆಯ ಮೇಲಿಟ್ಟುಕೊಂಡು ಬೀಡಿಯನ್ನೂ ಹಚ್ಚದೆ ಕೂತಿದ್ದ ಆ ಜನರನ್ನು ನೋಡಿ ಖುಷಿಪಟ್ಟರು. ಅವರದೊಂದು ವಾದವಿತ್ತು. ಮನೆಗೊಂದು ಬಂದೂಕು ಇರಲೇಬೇಕು ಎಂದು ಸರ್ಕಾರವೇ ಕಡ್ಡಾಯ ಮಾಡಬೇಕು ಅಂತ. “ನೋಡ್ರಿ, ಹೆಂಗೆ ಶಿಸ್ತಾಗಿ ಕೂತವ್ರೆ. ಕೈಯಾಗೆ ಬಂದೂಕು ಇದ್ರೆ ಮನುಷ್ಯಂಗೆ ತಾನಾಗೇ ಜವಾಬ್ದಾರಿ ಬರ್ತದೆ” ಎಂದು ನನಗೆ ಪಾಠ ಹೇಳಿದರು. ಸಾಯಂಕಾಲ ಮೆಮೊ ಕೊಡುವುದನ್ನು ಮಾತ್ರ ಮರೆಯಲಿಲ್ಲ.

ಬಂದೂಕು ಬೇಡುವವರ ಕಾರಣಗಳನ್ನು ಕೇಳುವುದೇ ನನಗೆ ಆ ಟೇಬಲ್ಲಿನ ದೊಡ್ಡ ಮನರಂಜನೆಯಾಯಿತು. ಎಣ್ಣೆ ಮಿಲ್ಲಿನ ಮಾಲೀಕರೊಬ್ಬರು ಅರ್ಜಿ ಹಿಡಿದು ಬಂದಿದ್ದರು. ಕಳ್ಳರ ಕಾಟವೇ ಎಂದೆ. ಇಲ್ಲ. ಯಾರಾದರೂ ಬೆದರಿಕೆ ಹಾಕಿದ್ದಾರೆಯೇ ಎಂದೆ. ಇಲ್ಲ. ಮತ್ತೇಕೆ ಎಂದರೆ, “ಪಕ್ಕದ ಮಿಲ್ಲಿನೋನ ಹತ್ರ ಐತಲ್ಲಮ್ಮ” ಎಂದರು. ನಾನು ಆ ಕಾರಣವನ್ನೇ ವರದಿಯಲ್ಲಿ ಬರೆದು ಕಳಿಸಿದೆ. ಲೈಸೆನ್ಸು ಬರಲಿಲ್ಲ. ಆಮೇಲೆ ಅವರು ಒಂದು ಜೀಪು ಕೊಂಡು ಸಮಾಧಾನ ಮಾಡಿಕೊಂಡರು.

ಎರಡು ಸಾವಿರದ ಇಸವಿಯ ಆಸುಪಾಸಿಗೆ ನನಗೆ ಮೊಳಕಾಲ್ಮೂರಿಗೆ ವರ್ಗವಾಯಿತು. ಅಲ್ಲಿಯೂ ಅದೇ ಟೇಬಲ್ಲು. ಅಷ್ಟು ಹೊತ್ತಿಗೆ ನಾನೇ ಕೇಳಿ ಪಡೆದೆ ಎಂದರೆ ನೀವು ನಂಬಬೇಕು. ಅಲ್ಲಿನ ತಹಸೀಲ್ದಾರ್ ಸಾಹೇಬರದು ಪೂರ್ತಿ ಉಲ್ಟಾ ವಾದ. ಪೊಲೀಸರನ್ನು ಬಿಟ್ಟು ಯಾರ ಕೈಯಲ್ಲೂ ಒಂದೇ ಒಂದು ಬಂದೂಕು ಇರಬಾರದು, ಎಲ್ಲವನ್ನೂ ತಂದು ಕರಗಿಸಿ ಕುಡುಗೋಲು ಮಾಡಿಸಬೇಕು ಎನ್ನುತ್ತಿದ್ದರು. ನವೀಕರಣದ ಕಡತ ಒಯ್ದರೆ ಅದರಲ್ಲಿ ಕೊರತೆ ಹುಡುಕುವುದೇ ಅವರಿಗೆ ಸಂತೋಷ. ಚಳ್ಳಕೆರೆಯವರಿಗೂ ಇವರಿಗೂ ಒಂದು ವಿಷಯದಲ್ಲಿ ಮಾತ್ರ ಹೋಲಿಕೆಯಿತ್ತು. ಇಬ್ಬರೂ ಒಂದು ದಿನವಾದರೂ ಬಂದೂಕು ಹಿಡಿದವರಲ್ಲ, ಶೇಂಗಾ ಬಿತ್ತಿದವರಲ್ಲ.

ಪಾಲಯ್ಯನವರನ್ನು ನಾನು ನೋಡಿದ್ದು ಅಲ್ಲಿ. ದೇವಸಮುದ್ರದ ಕಡೆಯ ಒಂದು ಸಣ್ಣ ಹಟ್ಟಿಯವರು. ಎಪ್ಪತ್ತರ ಹತ್ತಿರದ ವಯಸ್ಸು, ಬೆತ್ತದಂತೆ ನೆಟ್ಟಗಿನ ಮೈ, ಒಗೆದ ಬಿಳಿ ರುಮಾಲು. ಅವರ ಮನೆಗೆ ಊರಲ್ಲಿ ‘ಬಂದೂಕದೋರ ಮನೆ’ ಎಂದೇ ಹೆಸರು. ತಂದೆಯಿಂದ ಬಂದ ಬಂದೂಕು. ಶೇಂಗಾ ಕಾಯಿಕಟ್ಟುವ ಕಾಲಕ್ಕೆ ಸುತ್ತಲಿನ ಹೊಲದವರೆಲ್ಲ ಅವರ ಬಂದೂಕಿನ ಸದ್ದನ್ನು ನಂಬಿಕೊಂಡಿರುತ್ತಿದ್ದರು. ಸರ್ಕಾರ ಬಂದೂಕನ್ನು ಕಡ್ಡಾಯ ಮಾಡಿರಲಿಲ್ಲ, ಆದರೆ ಪಾಲಯ್ಯನವರ ಹಟ್ಟಿ ಮಾಡಿತ್ತು. ಆ ಮನೆಯಲ್ಲಿ ಬಂದೂಕು ಇರಲೇಬೇಕು, ಇಲ್ಲವಾದರೆ ಅದು ಆ ಮನೆಯಲ್ಲ. ಲೈಸೆನ್ಸು ಪುಸ್ತಕವನ್ನು ಅವರು ರೇಷ್ಮೆ ಸೀರೆಯ ತುಂಡಿನಲ್ಲಿ ಸುತ್ತಿ ತರುತ್ತಿದ್ದರು. ಹೆಂಡತಿ ಬೊಮ್ಮಕ್ಕ ಯಾವಾಗಲೂ ಜೊತೆಗೆ ಬರುತ್ತಿದ್ದರು, ಗಂಡನಿಗಿಂತ ಎರಡು ಹೆಜ್ಜೆ ಹಿಂದೆ, ಕೈಯಲ್ಲಿ ರೊಟ್ಟಿಯ ಗಂಟು.

ಮೊದಲ ಸಲ ಅವರ ಬಂದೂಕನ್ನು ತಪಾಸಣೆ ಮಾಡಿದಾಗಲೇ ನಂಬರು ಮಸುಕಾಗಿತ್ತು. ಅದೇನೂ ವಿಶೇಷವಲ್ಲ. ಆಯುಧಪೂಜೆಗೆ ನಮ್ಮ ಹೆಂಗಸರು ಬಂದೂಕನ್ನೂ ಹಿತ್ತಾಳೆ ಬಿಂದಿಗೆಯ ಹಾಗೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ತೊಳೆದು, ವಿಭೂತಿ ಕುಂಕುಮ ಹಚ್ಚಿ ಇಡುತ್ತಾರೆ. ವರ್ಷ ವರ್ಷ ತಿಕ್ಕಿದರೆ ಕೊರೆದ ಅಂಕಿ ಎಷ್ಟು ದಿನ ನಿಂತೀತು? ಭೂತಗನ್ನಡಿಯಲ್ಲೂ ಕಾಣದಿದ್ದಾಗ ನಾನು ಬಸ್ ನಿಲ್ದಾಣದ ಹತ್ತಿರ ವಾಚ್ ರಿಪೇರಿ ಮಾಡುತ್ತಿದ್ದ ಬಾಷಾ ಸಾಬರನ್ನು ಕರೆಸುತ್ತಿದ್ದೆ. ಅವರು ಗಡಿಯಾರದ ಹಲ್ಲು ನೋಡುವ ಸಣ್ಣ ಮಸೂರವನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ನಳಿಗೆಯನ್ನು ಬಿಸಿಲಿಗೆ ಓರೆಯಾಗಿ ಹಿಡಿದು, ಒಂದೊಂದೇ ಅಂಕಿ ಓದಿ ಹೇಳುತ್ತಿದ್ದರು. ಆ ಸಲ ಓದಿದರು. ನಾನು ಮೊಹರು ಒತ್ತಿ, ಬೊಮ್ಮಕ್ಕನಿಗೂ ಕೇಳಲಿ ಎಂದು ಗಟ್ಟಿಯಾಗಿಯೇ ಗದರಿದೆ.

“ಅಜ್ಜಿ, ಹಿಂಗೆ ತಿಕ್ಕಬೇಡಿ. ಮುಂದಿನ ಸಲ ನಂಬರು ಕಾಣದಿದ್ರೆ ನಿಮ್ಮ ಬಂದೂಕು ವಾಪಸ್ ಮನೆಗೆ ಬರಲ್ಲ, ಇಲ್ಲೇ ಉಳೀತದೆ.”

“ಇಲ್ಲೇ ಉಳೀತೈತಾ?” ಎಂದು ಬೊಮ್ಮಕ್ಕ ಕೇಳಿದರು. “ಹೂಂ, ಇಲ್ಲೇ” ಎಂದೆ. ಆಕೆ ತಲೆಯಾಡಿಸಿದರು. ಹೆದರಿಕೊಂಡರು ಎಂದು ನಾನು ಭಾವಿಸಿದೆ.

ಮೂರು ವರ್ಷ ಕಳೆದು ಮತ್ತೆ ಬಂದರು. ಈ ಸಲ ಪಾಲಯ್ಯನವರು ವರಾಂಡದ ಗೋಡೆಗೆ ಕೈ ಸವರುತ್ತ ನಿಧಾನವಾಗಿ ನಡೆದು ಬಂದದ್ದನ್ನು ನಾನು ನೋಡಿದೆ. ವಯಸ್ಸಾಯಿತಲ್ಲ ಎಂದುಕೊಂಡೆ, ಅಷ್ಟೆ. ಬಂದೂಕು ಹಿಡಿದರೆ ನಂಬರಿನ ಸುಳಿವೇ ಇಲ್ಲ. ಬಾಷಾ ಸಾಬರು ಮಸೂರ ಸಿಕ್ಕಿಸಿಕೊಂಡು ಬಹಳ ಹೊತ್ತು ತಿರುಗಿಸಿ ನೋಡಿದರು. ಆಮೇಲೆ ಮಸೂರ ತೆಗೆದು ನನ್ನನ್ನು ಪಕ್ಕಕ್ಕೆ ಕರೆದರು.

“ಅಮ್ಮಾ, ಇದು ಹುಣಸೇಹಣ್ಣಿನ ಕೆಲಸ ಅಲ್ಲ. ನಂಬರ್ ಇರೋ ಜಗಾ ಒಂದೇ ಗುಂಡಿ ಬಿದ್ದೈತೆ. ಉಳಿದದ್ದೆಲ್ಲ ಹಂಗೇ ಐತೆ. ಬೇಕಂತಾನೇ ಉಜ್ಜವ್ರೆ.”

ನಂಬರು ಬೇಕೆಂದೇ ಅಳಿಸುವುದು ಸಣ್ಣ ತಪ್ಪಲ್ಲ. ಕದ್ದ ಬಂದೂಕು ಮಾರುವವರು, ಬದಲಾಯಿಸುವವರು ಮಾಡುವ ಕೆಲಸ. ಜೈಲಾಗುತ್ತದೆ. ನನಗೆ ಪಾಲಯ್ಯನವರ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಇಷ್ಟು ನಂಬಿದ್ದ ಮನುಷ್ಯ ಹೀಗೆ ಮಾಡಿದನಲ್ಲ ಎಂಬ ಸಿಟ್ಟು. ಕೇಳಿದರೆ ಅವರು, “ನಂಗೇನೂ ತಿಳೀದವ್ವ” ಎಂದು ತಲೆ ತಗ್ಗಿಸಿದರು. ಆ ತಲೆ ತಗ್ಗಿಸಿದ್ದೇ ನನಗೆ ಸಾಕ್ಷಿಯಾಯಿತು. ಕೂತವಳೇ ಟಿಪ್ಪಣಿ ಬರೆದೆ: ‘ನಳಿಗೆಯ ಮೇಲಿನ ನಂಬರನ್ನು ಉದ್ದೇಶಪೂರ್ವಕವಾಗಿ ಅಳಿಸಿರುವುದು ಕಂಡುಬರುತ್ತದೆ.’ ಸಾಹೇಬರ ಮುಖ ಅರಳಿತು. “ಪೊಲೀಸರಿಗೆ ಬರೀರಿ, ಕೇಸ್ ಆಗ್ಲಿ” ಎಂದು ಅಂಚಿನಲ್ಲಿ ಬರೆದರು. ಬಂದೂಕು ಅಲ್ಲೇ ಉಳಿಯಿತು. ಪಾಲಯ್ಯನವರ ಕೈಗೆ ರಸೀದಿ ಕೊಟ್ಟು ಕಳಿಸಿದೆ. ಬೊಮ್ಮಕ್ಕ ಅವರ ಹಿಂದೆ ಹೋಗಲಿಲ್ಲ, ಈ ಸಲ ಅವರ ಮೊಣಕೈ ಹಿಡಿದುಕೊಂಡು ಹೋದರು. ಅದನ್ನೂ ನೋಡಿದೆ. ಅದಕ್ಕೂ ಅರ್ಥ ಕಟ್ಟಲಿಲ್ಲ.

ಮರುದಿನ ಬೆಳಿಗ್ಗೆ ಪೊಲೀಸರಿಗೆ ಹೋಗಬೇಕಾದ ಪತ್ರ ಸಾಹೇಬರ ರುಜುವಿಗೆಂದು ಟಪ್ಪಾಲಿನಲ್ಲಿತ್ತು. ಕಚೇರಿಯ ಬಾಗಿಲು ತೆಗೆಯುವ ಮೊದಲೇ ಬೊಮ್ಮಕ್ಕ ಮೆಟ್ಟಿಲ ಮೇಲೆ ಕೂತಿದ್ದರು, ಒಬ್ಬರೇ.

“ಅವ್ವಾ, ಅವ್ರನ್ನ ಜೈಲಿಗೆ ಹಾಕ್ತಾರಂತೆ ಹೌದಾ?” ಎಂದರು. ನಾನು ಟೇಬಲ್ಲಿನ ಹತ್ತಿರ ಹೋದೆ. ಆಕೆ ಹಿಂದೆಯೇ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಬೆರಳ ತುದಿಗಳು ಸವೆದು ನುಣ್ಣಗಾಗಿದ್ದವು. “ಅವ್ರಲ್ಲ ತಾಯಿ. ಉಜ್ಜಿದ್ದು ನಾನು. ಇಟ್ಟಿಗೆ ಚೂರಿನಾಗೆ, ದಿನಾ ಸ್ವಲ್ಪ ಸ್ವಲ್ಪ. ನೀನೇ ಹೇಳಿದ್ಯಲ್ಲವ್ವ, ನಂಬರ್ ಇಲ್ದಿದ್ರೆ ಬಂದೂಕು ಇಲ್ಲೇ ಉಳೀತೈತೆ ಅಂತ. ಬಂದೂಕು ಉಳೀತೈತೆ ಅಂದ್ಯೇ ಹೊರತು, ಅವ್ರನ್ನ ಹಿಡೀತಾರೆ ಅಂತ ಹೇಳ್ಲಿಲ್ಲ.”

 ಯಾಕೆ ಎಂದು ಕೇಳಿದೆ. ಆಕೆ ಸುತ್ತ ನೋಡಿ ದನಿ ತಗ್ಗಿಸಿದರು.

ಎರಡು ವರ್ಷದ ಹಿಂದೆ, ಶೇಂಗಾ ಕಾಯಿಕಟ್ಟಿದ ಕಾಲ. ಬೊಮ್ಮಕ್ಕ ಇಬ್ಬನಿಗೆ ಕಂಬಳಿ ಕೊಪ್ಪೆ ಹೊದ್ದು ಬೆಳಕು ಹರಿಯುವ ಹೊತ್ತಿಗೆ ಕೆಳಗಿನ ಹೊಲದಲ್ಲಿ ಬಗ್ಗಿ ಕಳೆ ಕೀಳುತ್ತಿದ್ದರು. ಗಂಡನಿಗೆ ಹೇಳಿರಲಿಲ್ಲ. ಬದುವಿನ ಮೇಲಿದ್ದ ಪಾಲಯ್ಯನವರಿಗೆ ಗಿಡದ ಸದ್ದು ಕೇಳಿತು, ಕಪ್ಪಗೆ ಏನೋ ಅಲುಗಿದ್ದು ಕಂಡಿತು. ಹೊಡೆದರು. ಚರೆಗಳು ಕಂಬಳಿಯ ಅಂಚನ್ನು ತೂತು ಮಾಡಿಕೊಂಡು ಹೋದವು.

“ಆಮೇಲೆ ಅಲ್ಲಿಂದ್ಲೇ ಕೂಗಿದ್ರು, ಹಂದಿ ಹೋತೇನೇ ಬೊಮ್ಮೀ, ಅಂತ. ನಾನು ಮನೇಲಿದೀನಿ ಅಂತ ತಿಳ್ಕಂಡಿದ್ರು. ಮನೆಗೆ ಕೇಳ್ಲಿ ಅಂತ ಕೂಗಿದ್ದು. ನಾನು ಮಣ್ಣಾಗೆ ಮಕಾಡೆ ಬಿದ್ದಿದ್ದೆ. ಸುತ್ತಾಕ್ಕಂಡು ಮನೆ ಕಡೆಯಿಂದ ಬಂದು, ಹೋತು ಕಣ್ರಿ, ಅಂದೆ.”

“ಅವರಿಗೆ ಹೇಳಲೇ ಇಲ್ವಾ?”

“ಹೆಂಗೆ ಹೇಳ್ಲಿ? ಅವ್ರಿಗೆ ಕಣ್ಣು ಮಂಜಾಗೈತೆ. ಹೇಳಿದ್ರೆ ಅವತ್ತೇ ಅನ್ನ ನೀರು ಬಿಟ್ಬಿಡ್ತಿದ್ರು. ಬಂದೂಕು ಬಿಡಿ ಅಂದ್ರೆ ಊರು ಬಿಡಲ್ಲ. ಅವ್ರ ಅವ್ವ ಸಾಯೋ ಹೊತ್ನಾಗೆ ಹೇಳಿದ್ಲು, ಬೇಡಪ್ಪ ಇದು ಸಾಕು ಅಂತ. ಆಗ್ಲೂ ಬಿಡ್ಲಿಲ್ಲ. ಸರ್ಕಾರ ಇಸ್ಕಂಡ್ರೆ ಯಾರಿಗೂ ಅವಮಾನ ಇಲ್ಲ, ಅಲ್ವೇನವ್ವ?”

ಇದನ್ನು ಓದುವ ಹೊಸಬರಿಗೆ ನಾನು ಹೇಳಬೇಕಾದದ್ದು ಇಷ್ಟೇ. ನಮ್ಮ ವಹಿಯಲ್ಲಿ ಬಂದೂಕಿನ ಉದ್ದಕ್ಕೆ ಕಾಲಂ ಇತ್ತು, ನಂಬರಿಗೆ ಇತ್ತು, ಮದ್ದಿನ ತೂಕಕ್ಕೆ ಇತ್ತು. ಅದನ್ನು ಹಿಡಿಯುವವನ ಕಣ್ಣಿಗೆ ಇರಲಿಲ್ಲ. ಸರಿ, ವಹಿಯಲ್ಲಿ ಇರಲಿಲ್ಲ, ನನಗಾದರೂ ಕಣ್ಣು ಇರಬೇಕಿತ್ತು. ಗೋಡೆ ಸವರಿಕೊಂಡು ಬಂದ ಮನುಷ್ಯನನ್ನು ಕಣ್ಣಾರೆ ನೋಡಿ, ಭೂತಗನ್ನಡಿಯನ್ನು ಕಬ್ಬಿಣಕ್ಕೆ ಹಿಡಿದವಳು ನಾನು. ಆ ನಾಚಿಕೆ ಇವತ್ತಿಗೂ ಹೋಗಿಲ್ಲ.

ನಾನು ಟಪ್ಪಾಲಿನಿಂದ ಪತ್ರ ಎತ್ತಿಕೊಂಡು ಬೊಮ್ಮಕ್ಕನ ಜೊತೆ ಸಾಹೇಬರ ಕೋಣೆಗೆ ಹೋದೆ. ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಅಂದ್ರೆ ಕೇಸು ಈ ಅಜ್ಜಿ ಮೇಲೆ ಆಗ್ಬೇಕು ಅಂತೀರಾ?” ಎಂದರು.  ನಾನು ಬರೆದ ವಾಕ್ಯ ಅವರ ಮುಂದೆ ಇತ್ತು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಪಾಲಯ್ಯನವರು ನಿಂತಿದ್ದರು. ಹೆಂಡತಿ ಮನೆಯಲ್ಲಿಲ್ಲ ಎಂದು ತಿಳಿದು ಮುಂದಿನ ಬಸ್ಸು ಹತ್ತಿದ್ದಾರೆ. ಕಂಡಕ್ಟರು ಕೈಹಿಡಿದು ಇಳಿಸಿ, ಬಾಷಾ ಸಾಬರ ಅಂಗಡಿಗೆ ಒಪ್ಪಿಸಿದ್ದಾನೆ. ಸಾಬರು ಅವರನ್ನು ಮೆಟ್ಟಿಲು ಹತ್ತಿಸಿ ಕರೆತಂದಿದ್ದರು. ರುಮಾಲು ಸ್ವಲ್ಪ ಓರೆಯಾಗಿತ್ತು. ಅವರನ್ನು ಹಾಗೆ ನಾನು ಯಾವತ್ತೂ ನೋಡಿರಲಿಲ್ಲ.

“ಸ್ವಾಮಿ, ನಂಬರ್ ಅಳಿಸಿದ್ದು ನಾನು. ಏನು ಮಾಡ್ತೀರೋ ನಂಗೇ ಮಾಡ್ರಿ” ಎಂದರು.

“ಸುಳ್ಳು ಹೇಳ್ತಾರೆ ಸ್ವಾಮಿ!” ಬೊಮ್ಮಕ್ಕ ಹತ್ತಿರ ಹತ್ತಿರ ಕಿರುಚಿದರು. “ಇವ್ರಿಗೇನೂ ತಿಳೀದು. ಇವ್ರಿಗೆ ಗೊತ್ತೇ ಇಲ್ಲ.”

“ಎಲ್ಲಾ ಗೊತ್ತೈತೆ ಬೊಮ್ಮೀ” ಎಂದರು ಪಾಲಯ್ಯನವರು. ದನಿ ಬಂದ ಕಡೆಗೆ ಮುಖ ತಿರುಗಿಸಿದರು. “ಕಣ್ಣು ಹೋಗೈತೆ, ಕಿವಿ ಹೋಗಿಲ್ಲ. ದಿನಾ ಬೆಳಿಗ್ಗೆ ನೀನು ಹಿತ್ಲಾಗೆ ಇಟ್ಟಿಗೆ ಉಜ್ಜೋದು ನಂಗೆ ಕೇಳಿಸ್ತಿರಲಿಲ್ವಾ? ಬಿಂದಿಗೆ ಸದ್ದು ಬೇರೆ, ನಳಿಗೆ ಸದ್ದು ಬೇರೆ. ಚಳಿಗೆ ಕಂಬಳಿ ಹೊದ್ದಾಗ ಬೆರಳಿಗೆ ತೂತು ಸಿಕ್ತು. ಅಂಚಿನಾಗೆ ಏಳು ತೂತು. ಅವತ್ತು ಯಾವ ಹಂದಿಗೆ ಹೊಡ್ದೆ ಅಂತ ಅವಾಗ್ಲೇ ತಿಳೀತು.”

ಬೊಮ್ಮಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡರು.

“ತಿಳಿದ ಮ್ಯಾಲೆ ಬಂದೂಕು ಒಪ್ಪಿಸಬೇಕಿತ್ತಲ್ಲ ಯಜಮಾನ್ರೆ?” ಸಾಹೇಬರು ಕೇಳಿದರು. ಅವರ ದನಿಯಲ್ಲಿ ಕಾನೂನು ಇರಲಿಲ್ಲ.

“ಒಪ್ಪಿಸಬೇಕಿತ್ತು. ಊರಾಗೆ ಏನು ಹೇಳ್ಲಿ, ಕಣ್ಣಿಲ್ಲ ಅಂತ ಹೇಳ್ಲಾ? ನಾಲಿಗೆ ಏಳ್ಲಿಲ್ಲ. ಅವಳು ಉಜ್ತಾ ಇದ್ಲು, ನಾನು ಸುಮ್ಕೆ ಕೇಳ್ತಾ ಮಲಗಿದ್ದೆ. ಬೇಗ ಮುಗೀಲಿ ಅಂತ. ಅವಳ ಕೈಯಿಂದ ಮಾಡಿಸಿದ್ದು ನಾನೇ ಅಲ್ವಾ ಸ್ವಾಮಿ? ಮತ್ತೆ ಅಳಿಸಿದ್ದು ನಾನೇ ಆತು.”

ಬಾಷಾ ಸಾಬರು ಕಣ್ಣೊರೆಸಿಕೊಳ್ಳಲು ಆಚೆ ಹೋದರು.  ಲೋಕದ ಬಂದೂಕುಗಳನ್ನೆಲ್ಲ ಕರಗಿಸಬೇಕು ಎನ್ನುತ್ತಿದ್ದ ಮನುಷ್ಯ, ಒಂದು ಬಂದೂಕು ತಾನಾಗಿ ಮೇಜಿನ ಮೇಲೆ ಬಂದು ಬಿದ್ದಾಗ ಏನು ಮಾಡಬೇಕೆಂದು ತೋಚದೆ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು. ಕೊನೆಗೆ ನನ್ನ ಟಿಪ್ಪಣಿಯನ್ನು ನನ್ನತ್ತ ತಳ್ಳಿದರು.

“ಇದನ್ನ ವಾಪಸ್ ತಗೊಳ್ರಿ. ನಂಬರು ಓದಲು ಬರುತ್ತಿಲ್ಲ, ಅಂತ ಬರೀರಿ. ಓದಾಕೆ ಬರ್ತಿಲ್ಲ, ಅದು ನಿಜ ತಾನೆ? ಆಮೇಲೆ ಯಜಮಾನ್ರು ತಾವಾಗೇ ಒಪ್ಪಿಸೋದಾದ್ರೆ ಒಂದು ಅರ್ಜಿ ಬರ್ಕಳ್ರಿ.”

ನಾನು ಮಾಡಿದ್ದು ಸರಿಯೇ ಎಂದು ನೀವು ಕೇಳಬಹುದು. ಅರ್ಧ ಸತ್ಯ ಬರೆದೆ, ಇನ್ನರ್ಧವನ್ನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡೆ. ನಿಯಮ ಪುಸ್ತಕ ಹಿಡಿದು ಬಂದರೆ ತಪ್ಪೆಂದೇ ಒಪ್ಪಿಕೊಳ್ಳುತ್ತೇನೆ. ಬಂದೂಕು ಎಲ್ಲರ ಹತ್ತಿರವೂ ಇರಬೇಕೋ, ಯಾರ ಹತ್ತಿರವೂ ಇರಬಾರದೋ ಎಂದು ಇಬ್ಬರು ಸಾಹೇಬರು ವರ್ಷಗಟ್ಟಲೆ ನನಗೆ ಪಾಠ ಹೇಳಿದರು. ಎರಡನ್ನೂ ಕೇಳಿ ತಲೆಯಾಡಿಸಿದ್ದೆ. ಆ ದಿನ ನನ್ನ ಟೇಬಲ್ಲಿನ ಎದುರಿಗೆ ಕೂತಿದ್ದ ಇಬ್ಬರನ್ನು ನೋಡುವವರೆಗೆ ನನಗೆ ಸ್ವಂತದ್ದೊಂದು ಅಭಿಪ್ರಾಯ ಇರಲಿಲ್ಲ.

ಅರ್ಜಿ ನಾನೇ ಬರೆದೆ. ಹೆಸರು, ತಂದೆಯ ಹೆಸರು, ಹಟ್ಟಿ, ಹೋಬಳಿ. ಬಂದೂಕಿನ ನಂಬರು ಬರೆಯುವಲ್ಲಿ ವಹಿ ತೆಗೆಯಲು ಕೈ ಹಾಕಿದೆ. ಅಷ್ಟರಲ್ಲೇ ಪಾಲಯ್ಯನವರು ಒಂದೊಂದಾಗಿ ಅಂಕಿಗಳನ್ನು ಹೇಳಿದರು, ಎಳೆಯ ಮಗುವಿನ ಹೆಸರು ಹೇಳುವಷ್ಟು ಮೆಲ್ಲಗೆ. ಒಂದೂ ತಪ್ಪಿರಲಿಲ್ಲ. ಅವರು ಹೇಳಿದ್ದನ್ನೇ ಬರೆದುಕೊಂಡೆ.

“ಒಪ್ಪಿಸುವ ಕಾರಣ ಬರೀಬೇಕು ತಾತ” ಎಂದೆ. “ವಯಸ್ಸಾದ ಕಾರಣ ಅಂತ ಹಾಕ್ಲಾ? ಕಣ್ಣಿನ ವಿಷಯ ಬರೆಯೋದು ಬೇಡ, ಯಾರಿಗೂ ತಿಳಿಯಲ್ಲ.”

 ಪಾಲಯ್ಯನವರು ಪಕ್ಕಕ್ಕೆ ಕೈ ಚಾಚಿ ಬೊಮ್ಮಕ್ಕನ ಕೈ ಹುಡುಕಿ, ಸವೆದ ಬೆರಳುಗಳನ್ನು ಒಂದೊಂದಾಗಿ ಸವರಿದರು.

“ಬ್ಯಾಡವ್ವ, ಸುಳ್ಳು ಬ್ಯಾಡ. ಮನೇಲಿ ಒಬ್ಬಳಿಗೆ ಭಯ ಆಗ್ತೈತೆ ಅಂತ ಬರಿ.”

ಹಾಗೆಯೇ ಬರೆದೆ. ಅವರ ಹೆಬ್ಬೆರಳು ಹಿಡಿದು ಸರಿಯಾದ ಜಾಗದಲ್ಲಿ ಒತ್ತಿಸಿದೆ. ಸಾಹೇಬರು ಎರಡು ಸಲ ಓದಿ, ಒಂದಕ್ಷರವನ್ನೂ ತಿದ್ದದೆ ರುಜು ಹಾಕಿದರು.